ರೇಂಜ್ ಉಂಟಾ?

ಪುತ್ತೂರು ದಾಟಿ ಸುಳ್ಯ, ಕಡಬ ಕಡೆಗೆ ಹೋದ ಹಾಗೆ ಫೋನಿನಲ್ಲಿ "ಹಲೋ" ಆದ ಕೂಡಲೇ ಬರುವ ಮಾತು, "ಅಲ್ಲಿ ರೇಂಜ್ ಉಂಟಾ?" ಬೆಂಗಳೂರಿನವರು "ನೆಟ್‌ವರ್ಕ್ ಇಲ್ಲ", "ಸಿಗ್ನಲ್ ಇಲ್ಲ" ಅಂತಾರೆ. ಅವರಿಗೆ ರೇಂಜ್ ಅಂದರೆ ಲೆವೆಲ್ಲು: "ಅವನ ರೇಂಜೇ ಬೇರೆ", "ಯಾವ ರೇಂಜಿಗೆ ಬಿಲ್ಡಪ್ ಕೊಡ್ತಾನೆ ನೋಡು". ಈ ಸಲದ ಪದ ಇದೇ, ರೇಂಜ್.

ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಈ ಪದದ ಮೂಲ ಅರ್ಥ ಸಾಲು. ಬೆಟ್ಟಗಳ ಸಾಲಿಗೆ ರೇಂಜ್ ಅಂದದ್ದು ಹಾಗೆ. ಮುಂದೆ ಗುಂಡು ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೂ ಅದೇ ಪದ ಬಂತು, ರೇಡಿಯೊ ಅಲೆ ಎಲ್ಲಿಯವರೆಗೆ ಮುಟ್ಟುತ್ತದೆ ಅನ್ನುವುದಕ್ಕೂ ಬಂತು. ಎಲೆಕ್ಟ್ರಿಕ್ ಸ್ಕೂಟರ್ ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೋ ಅದೂ ರೇಂಜೇ. ಎಚ್‌ಆರ್‌ನವರು "ಸ್ಯಾಲರಿ ರೇಂಜ್" ಕೇಳಿದರೆ ಎರಡು ಅಂಕಿ ಹೇಳಬೇಕು, ಇಷ್ಟರಿಂದ ಇಷ್ಟರವರೆಗೆ ಅಂತ. ಒಂದೇ ಅಂಕಿ ಹೇಳಿದರೆ ಅದು ರೇಂಜ್ ಅಲ್ಲ.

ನಮ್ಮ ಕಡೆ ಈ ಅರ್ಥಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಪಶ್ಚಿಮ ಘಟ್ಟದ ರೇಂಜ್ ಅಡ್ಡ ನಿಂತರೆ ಫೋನಿನ ರೇಂಜ್ ಹೋಯಿತು. ಟವರಿನ ಅಲೆ ಗುಡ್ಡೆ ತೂರಿ ಬರುವುದಿಲ್ಲ, ಹಾಗಾಗಿ ತಗ್ಗಿನ ತೋಟದ ಮನೆಯವರು ಗುಡ್ಡೆ ಹತ್ತಬೇಕು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಒಂದು ಫೋಟೊ ದೇಶವೆಲ್ಲ ಓಡಾಡಿತು: ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಕ್ಲಾಸ್ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತದ್ದು.

ಇನ್ನೊಂದು ರೇಂಜ್ ಅರಣ್ಯ ಇಲಾಖೆಯದ್ದು: ಸುಬ್ರಹ್ಮಣ್ಯ ರೇಂಜ್, ಪಂಜ ರೇಂಜ್, ಸುಳ್ಯ ರೇಂಜ್. ಕನ್ನಡದಲ್ಲಿ ಇದು ವಲಯ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಆನೆ ದಾಳಿಗೆ ಒಂದೇ ಬೆಳಿಗ್ಗೆ ಇಬ್ಬರು ತೀರಿಹೋದರು. ತೋಟಕ್ಕೆ ಆನೆ ಬಂದರೆ ರೇಂಜರಿಗೆ ಫೋನ್ ಮಾಡಬೇಕು. ಫೋನ್ ಹೋಗಲು ರೇಂಜ್ ಬೇಕು. ಕೆಲವು ಕಡೆ ಕರೆಂಟ್ ಹೋದರೆ ಟವರೂ ಮಲಗುತ್ತದೆ, ಆಮೇಲೆ ಗುಡ್ಡೆ ಹತ್ತಿಯೂ ಪ್ರಯೋಜನ ಇಲ್ಲ.

ಈಗ ಬಳಕೆಯ ಮಾತು. ಊರಿನಿಂದ ವರ್ಕ್ ಫ್ರಮ್ ಹೋಮ್ ಮಾಡುವವರು ವಿದೇಶದ ಕ್ಲೈಂಟಿಗೆ "ನೋ ರೇಂಜ್ ಹಿಯರ್" ಅಂದರೆ ಅವರಿಗೆ ತಲೆಬುಡ ಗೊತ್ತಾಗಲಿಕ್ಕಿಲ್ಲ. "ನೋ ಸಿಗ್ನಲ್" ಅನ್ನಿ. "ಔಟ್ ಆಫ್ ರೇಂಜ್" ಕೂಡ ಸರಿಯಾದ ಇಂಗ್ಲಿಷೇ, ಆದರೆ ಅದರಲ್ಲಿ ಒಂದು ಸೂಕ್ಷ್ಮ ಉಂಟು. ಕಂಪನಿಯ ರೆಕಾರ್ಡೆಡ್ ಧ್ವನಿ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅನ್ನುತ್ತದಲ್ಲ, ಕೇಳಿದವರಿಗೆ ಅವರೇ ಎಲ್ಲಿಗೋ ಎದ್ದುಹೋದ ಹಾಗೆ ಅನಿಸುತ್ತದೆ. ಅವರು ತಮ್ಮ ಮನೆ ಜಗಲಿಯಲ್ಲೇ ಕೂತಿರುತ್ತಾರೆ. ವ್ಯಾಪ್ತಿ ಅಲ್ಲಿಯವರೆಗೆ ಬಂದಿಲ್ಲ, ಅಷ್ಟೆ.

ಆ ಮಟ್ಟಿಗೆ ನಮ್ಮ ಊರಿನ "ಇಲ್ಲಿ ರೇಂಜ್ ಇಲ್ಲ ಮಾರಾಯ" ಹೆಚ್ಚು ಸರಿ. ನಾವು ಇದ್ದಲ್ಲೇ ಇದ್ದೇವೆ, ಬಾರದೆ ಉಳಿದದ್ದು ರೇಂಜ್. ಮುಂದಿನ ಸಲ ಕಂಪನಿಗೋ ಪಂಚಾಯತಿಗೋ ಅರ್ಜಿ ಬರೆಯುವಾಗ "ನಾವು ರೇಂಜಿನಿಂದ ಹೊರಗಿದ್ದೇವೆ" ಅಂತ ಬರೆಯಬೇಡಿ. "ನಮ್ಮ ಮನೆಗೆ ಕವರೇಜ್ ಬಂದಿಲ್ಲ" ಅಂತ ಬರೆಯಿರಿ. ಯಾರು ಏನು ಮಾಡಬೇಕು ಅನ್ನುವುದು ಆ ವಾಕ್ಯದಲ್ಲೇ ಉಂಟು.