ಮನೆಯಲ್ಲಿ ಕಲಿಸುವವರಿಗೂ ಒಂದು ಕೈಪಿಡಿ ಕೊಡಿ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ಕರ್ನಾಟಕ ಸರ್ಕಾರ



ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕಿಯಾಗಿ ನಿವೃತ್ತಳಾದವಳು ನಾನು. ದಾಖಲಾತಿ ಆಂದೋಲನ ಬಂತೆಂದರೆ ಮನೆಮನೆಗೆ ಹೋಗಿ ‘ಮಗೂನ ಕಳಿಸ್ರಪ್ಪಾ’ ಎಂದು ಗೋಗರೆದವಳು. ಶಾಲೆಯ ಮೇಲೆ ನನಗಿರುವ ನಂಬಿಕೆ ಇಂದಿಗೂ ಸಡಿಲವಾಗಿಲ್ಲ. ಆದರೂ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಲು ಹೊರಟ ತಂದೆತಾಯಿಯರ ವಿಷಯವಾಗಿ ತಮಗೆ ಬರೆಯುತ್ತಿದ್ದೇನೆ. ಬೇಡಿಕೆ ಸಣ್ಣದು: ಇಲಾಖೆ ಅವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಹೊರತರಲಿ.

ಇಂಥವರು ಆಗಾಗ ಸಲಹೆ ಕೇಳಿಕೊಂಡು ನನ್ನ ಮನೆಗೆ ಬರುತ್ತಾರೆ. ಬೆಂಗಳೂರಿನ ಕೆಲಸ ಬಿಟ್ಟು ಊರಿನ ತೋಟಕ್ಕೆ ಮರಳಿದ ಎಂಜಿನಿಯರ್ ದಂಪತಿ. ಅಕ್ಷರ ಕೂಡಿಸಿ ಓದಲು ಪರದಾಡುವ ಮಗ ತರಗತಿಯಲ್ಲಿ ‘ದಡ್ಡ’ ಅನ್ನಿಸಿಕೊಳ್ಳುವುದನ್ನು ನೋಡಲಾಗದ ತಾಯಿ. ಖಾಸಗಿ ಶಾಲೆಯ ಶುಲ್ಕ ಕಟ್ಟಿ ಸುಸ್ತಾದ ಅಂಗಡಿಯವರು. ಮಗಳ ಈಜು ತರಬೇತಿಗೂ ಶಾಲೆಯ ವೇಳಾಪಟ್ಟಿಗೂ ತಾಳೆಯಾಗದೆ ಒದ್ದಾಡುವವರು. ಕಾರಣಗಳು ಬೇರೆ ಬೇರೆ, ಮೊದಲ ಪ್ರಶ್ನೆ ಮಾತ್ರ ಒಂದೇ: ‘ಮೇಡಂ, ಹೀಗೆ ಮಾಡಿದರೆ ನಮ್ಮ ಮೇಲೆ ಕೇಸು ಹಾಕ್ತಾರಾ?’

ಇದಕ್ಕೆ ನೆಟ್ಟಗೆ ಉತ್ತರ ಕೊಡುವುದು ಕಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಂ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಆ ಕರ್ತವ್ಯ ತಪ್ಪಿದ ಪೋಷಕರಿಗೆ ಏನು ಶಿಕ್ಷೆ ಎಂದು ಅದೇ ಕಾಯ್ದೆ ಎಲ್ಲೂ ಹೇಳುವುದಿಲ್ಲ. 2012ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಈ ಪ್ರಶ್ನೆ ಎದ್ದಾಗ, ಸ್ವಇಚ್ಛೆಯಿಂದ ಮನೆಯಲ್ಲಿ ಕಲಿಸುವವರಿಗೆ ಕಾಯ್ದೆ ಅಡ್ಡಿಯಾಗದು ಎಂಬ ನಿಲುವನ್ನು ಕೇಂದ್ರ ಸರ್ಕಾರ ಮುಂದಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದು ನಿಯಮದ ರೂಪ ಪಡೆಯಲಿಲ್ಲ. ಅದೇ ವರ್ಷದ ತಿದ್ದುಪಡಿ ತೀವ್ರ ಅಂಗವೈಕಲ್ಯವಿರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಆಯ್ಕೆ ಕೊಟ್ಟಿತು. ಉಳಿದವರ ಬಗ್ಗೆ ಕಾಯ್ದೆ ಸುಮ್ಮನಿದೆ. ಅದು ಸುಮ್ಮನಿರುವುದನ್ನು ಒಬ್ಬ ಅಧಿಕಾರಿ ‘ಆಗೋದೇ ಇಲ್ಲ’ ಎಂದು ಓದಿಕೊಂಡರೆ, ಇನ್ನೊಬ್ಬರು ‘ನಮಗ್ಯಾಕೆ ಉಸಾಬರಿ’ ಎಂದು ಓದಿಕೊಳ್ಳುತ್ತಾರೆ. ಎರಡರಲ್ಲೂ ಮಗುವಿಗೆ ಲಾಭವಿಲ್ಲ.

ಇಲಾಖೆಗಿರುವ ಅನುಮಾನ ನನಗೆ ಅರ್ಥವಾಗುತ್ತದೆ. ‘ಅವಳು ಮನೇಲೇ ಓದ್ಕೋತಾಳೆ’ ಎಂಬ ಮಾತನ್ನು ನಾನು ಕೇಳಿದ್ದೇನೆ. ಮಾರನೆಯ ದಿನ ಅದೇ ಹುಡುಗಿಯನ್ನು ಹತ್ತಿ ಬಿಡಿಸುವ ಹೊಲದಲ್ಲಿ ನೋಡಿದ್ದೇನೆ. ಏಳು ದಿನ ಸಕಾರಣವಿಲ್ಲದೆ ಮಗು ಶಾಲೆಗೆ ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸಬೇಕೆಂಬ ನಮ್ಮ ರಾಜ್ಯದ ಏರ್ಪಾಡು ಇಂಥ ಮಕ್ಕಳನ್ನು ಹುಡುಕುವುದಕ್ಕಾಗಿಯೇ ಇರುವುದು. ಮನೆಪಾಠದ ಹಳೆಯ ಕಾಲವನ್ನು ಹೊಗಳುವವರಿಗೂ ನನ್ನದೊಂದು ಮಾತಿದೆ. ಕುವೆಂಪು ಅವರಿಗೆ ಬಾಲ್ಯದ ಅಕ್ಷರಾಭ್ಯಾಸ ಆದದ್ದು ಕುಪ್ಪಳಿಯ ಮನೆಯಲ್ಲಿ, ದಕ್ಷಿಣ ಕನ್ನಡದಿಂದ ಕರೆಸಿದ ಐಗಳಿಂದ. ಆಮೇಲೆ ಅವರು ತೀರ್ಥಹಳ್ಳಿಯ ಶಾಲೆಗೆ ಹೋದರು. ಐಗಳನ್ನು ಕರೆಸಿ, ಊಟ ವಸತಿ ಕೊಟ್ಟು ಇರಿಸಿಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿತ್ತು? ಆ ಮನೆಗಳಲ್ಲಿ ದುಡಿಯುತ್ತಿದ್ದವರ ಮಕ್ಕಳಿಗೆ ಅಕ್ಷರ ಕಲಿಸಲು ಯಾರು ಬಂದಿದ್ದರು? ಊರಿಗೊಂದು ಸರ್ಕಾರಿ ಶಾಲೆ ಬಂದ ಮೇಲೆ ತಾನೇ ಅವರಿಗೂ ಸ್ಲೇಟು ಸಿಕ್ಕಿದ್ದು.

ಹಾಗೆಂದು ಪ್ರಾಮಾಣಿಕವಾಗಿ ಕಲಿಸುವವರನ್ನೂ ಕಲಿಕೆಯ ಹೆಸರಿನಲ್ಲಿ ದುಡಿಸುವವರನ್ನೂ ಒಂದೇ ಕತ್ತಲಲ್ಲಿ ಇಡುವುದು ಸರಿಯಲ್ಲ. ಇಬ್ಬರನ್ನೂ ಬೇರೆ ಮಾಡಿ ನೋಡಬೇಕಾದರೆ ಮೊದಲನೆಯವರು ಭಯವಿಲ್ಲದೆ ಇಲಾಖೆಯ ಮುಂದೆ ಬರುವಂತಾಗಬೇಕು. ಅದಕ್ಕಾಗಿ ಕೈಪಿಡಿ ಕೇಳುತ್ತಿದ್ದೇನೆ. ಅದರಲ್ಲಿ ಏನಿರಬೇಕೆಂದು ಅನುಭವದಿಂದ ಹೇಳುತ್ತೇನೆ.

ಮೊದಲ ಪುಟದಲ್ಲಿ ಒಂದು ಪ್ರಶ್ನೆ ಇರಲಿ: ಶಾಲೆ ಬಿಡಿಸುತ್ತಿರುವುದು ಕೋಪದಿಂದಲೋ, ಯೋಚನೆಯಿಂದಲೋ? ಒಬ್ಬ ಶಿಕ್ಷಕರೊಂದಿಗಿನ ಜಗಳಕ್ಕೆ ಮತ್ತೊಂದು ಶಾಲೆ ಪರಿಹಾರವಾದೀತು. ಮನೆಯಲ್ಲಿ ಕಲಿಸುವುದೆಂದರೆ ವರ್ಷಗಟ್ಟಲೆ ದಿನದ ಹೊತ್ತನ್ನು ಮಗುವಿಗೆ ಕೊಡುವುದು. ಆ ಹೊತ್ತು ಯಾರದು? ನನ್ನಲ್ಲಿಗೆ ಬಂದ ಬಹುತೇಕ ಮನೆಗಳಲ್ಲಿ ನಿರ್ಧಾರ ಇಬ್ಬರದು, ದುಡಿಮೆ ಅಮ್ಮನದು. ಅಡುಗೆ, ಅತ್ತೆಮಾವನ ಆರೈಕೆ, ಅದರ ಮೇಲೆ ಪಾಠ. ಅಪ್ಪನೂ ಒಂದಾದರೂ ವಿಷಯವನ್ನು ಪೂರ್ತಿ ವಹಿಸಿಕೊಳ್ಳದ ಮನೆಯಲ್ಲಿ ಈ ಪ್ರಯೋಗ ಬೇಗ ಸೊರಗುತ್ತದೆ. ಇದನ್ನು ಸರ್ಕಾರಿ ಕಾಗದದಲ್ಲಿ ಅಚ್ಚು ಹಾಕಿಸಿದರೆ ಮನೆಯಲ್ಲಿ ಹೇಳಲಾಗದ ಅಮ್ಮಂದಿರಿಗೆ ತೋರಿಸಲಾದರೂ ಅನುಕೂಲ.

ಎರಡನೆಯದು ದಾಖಲೆ. ಜನನ ಪ್ರಮಾಣಪತ್ರ, ಹಿಂದಿನ ಶಾಲೆಯ ಟಿಸಿ, ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನ ಸಂಖ್ಯೆ, ಲಸಿಕೆ ಕಾರ್ಡು ಒಂದೇ ಫೈಲಿನಲ್ಲಿರಲಿ. ‘ನಾಳೆಯಿಂದ ಕಳಿಸಲ್ಲ’ ಎಂದು ಬಾಯಲ್ಲಿ ಹೇಳಿ ಬಂದರೆ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಗೈರು ಎಂದೇ ಬೆಳೆಯುತ್ತದೆ. ಲಿಖಿತವಾಗಿ ತಿಳಿಸಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೂ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲಿ. ಜೊತೆಗೆ ಒಂದು ನೋಟ್‌ಬುಕ್: ದಿನಾಂಕ, ಓದಿದ್ದು, ಮಾಡಿದ್ದು, ಮಗು ಕೇಳಿದ ಪ್ರಶ್ನೆ, ದಿನಕ್ಕೆ ನಾಲ್ಕು ಸಾಲು. ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಬಂದರೆ ತೋರಿಸಲು ಅದೇ ಆಧಾರ. ಮೂರು ತಿಂಗಳಾದ ಮೇಲೆ ತಿರುವಿ ನೋಡಿದರೆ ಪೋಷಕರಿಗೆ ತಮ್ಮ ಸೋಮಾರಿತನವೂ ಕಾಣುತ್ತದೆ, ಮಗುವಿನ ಬೆಳವಣಿಗೆಯೂ ಕಾಣುತ್ತದೆ.

ಮೂರನೆಯದು ಪಾಠದ ರೀತಿ. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಮನೆಯ ಹಜಾರದಲ್ಲಿ ಶಾಲೆಯನ್ನೇ ಮತ್ತೆ ಕಟ್ಟುವುದು: ಬೆಲ್ಲು, ಪೀರಿಯಡ್ಡು, ಆರು ತಾಸು ಕೂರಿಸುವುದು. ಶಾಲೆಯ ಆರು ತಾಸಿನಲ್ಲಿ ಪ್ರಾರ್ಥನೆ, ಹಾಜರಿ, ಊಟ, ಉಳಿದ ಮಕ್ಕಳು ಬರೆದು ಮುಗಿಸುವವರೆಗಿನ ಕಾಯುವಿಕೆ ಎಲ್ಲ ಸೇರಿರುತ್ತದೆ. ಎದುರಿಗೆ ಕೂತು ಒಬ್ಬನಿಗೇ ಕಲಿಸುವಾಗ ಚಿಕ್ಕ ಮಗುವಿಗೆ ದಿನಕ್ಕೆ ಎರಡು ತಾಸಿನ ಓದುಬರಹ ಧಾರಾಳವಾಯಿತು. ಶಾಲೆಯಲ್ಲಿ ಹೆದರಿ ಬಂದ ಮಗುವಾದರೆ ಮೊದಲ ಕೆಲವು ವಾರ ಪುಸ್ತಕ ಮುಟ್ಟದೆಯೂ ಇರಬಹುದು. ಬಿಡಲಿ. ಏಳುವ, ಮಲಗುವ ಹೊತ್ತು, ಪಾಲಿಗೆ ಬಂದ ಒಂದು ಮನೆಗೆಲಸ, ರಾತ್ರಿ ಒಂದು ಕಥೆ, ಇಷ್ಟು ತಪ್ಪದಿದ್ದರೆ ಸಾಕು. ಮೊಬೈಲ್ ಕೈಗೆ ಕೊಟ್ಟು ಕೂರಿಸುವುದನ್ನು ಈ ಬಿಡುವಿನ ಲೆಕ್ಕಕ್ಕೆ ಹಿಡಿಯಬಾರದು.

ಇಲ್ಲಿ ಇಲಾಖೆಯ ಹತ್ತಿರ ಕೊಡಲು ಆಸ್ತಿಯೇ ಇದೆ. 1995ರ ಹೊತ್ತಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ, ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವಂತೆ ಕಾರ್ಡುಗಳಲ್ಲಿ ಕಲಿಕೆಯನ್ನು ಜೋಡಿಸಿಟ್ಟಿತು. ಬೇರೆ ಬೇರೆ ವಯಸ್ಸಿನ ಎರಡು ಮಕ್ಕಳಿರುವ ಮನೆಗೆ ಇದಕ್ಕಿಂತ ಹೊಂದುವ ವಿಧಾನ ನನಗೆ ಗೊತ್ತಿಲ್ಲ. ರಾಜ್ಯದ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಇದು ತಿಳಿಯದೆ ಎಷ್ಟೋ ಪೋಷಕರು ಮೊದಲ ತಿಂಗಳಲ್ಲೇ ಸಾವಿರಾರು ರೂಪಾಯಿಯ ಆ್ಯಪು, ಕಿಟ್ಟು ಕೊಂಡು ಕೂರುತ್ತಾರೆ. ಮೊದಲ ವರ್ಷ ಏನನ್ನೂ ಕೊಳ್ಳಬೇಡಿ ಎಂದು ಕೈಪಿಡಿ ಹೇಳಲಿ. ಓದು ಮನೆಮಾತಿನಲ್ಲಿ ಶುರುವಾಗಲಿ. ಕನ್ನಡದಲ್ಲಿ ಸರಾಗವಾಗಿ ಓದಿ ಅರ್ಥ ಹೇಳುವ ಮಗು ಇಂಗ್ಲಿಷಿಗೆ ಹೆದರುವುದಿಲ್ಲ. ಗಣಿತದಲ್ಲಿ ಮಾತ್ರ ಹುಷಾರಾಗಿರಲಿ. ಭಿನ್ನರಾಶಿ, ಬೀಜಗಣಿತಕ್ಕೆ ಬರುವಾಗ ತಮಗೇ ಬಾರದ್ದನ್ನು ಮಗುವಿನ ಮುಂದೆ ಮುಚ್ಚಿಡದೆ ಬಲ್ಲವರೊಬ್ಬರನ್ನು ಹಿಡಿಯಬೇಕು.

ನಾಲ್ಕನೆಯದು ಜೊತೆ. ಒಡಹುಟ್ಟಿದವರಲ್ಲದ, ತನ್ನ ಜಾತಿಯವರೇ ಅಲ್ಲದ, ಜಗಳವಾಡಿ ಮತ್ತೆ ರಾಜಿಯಾಗುವ ಗೆಳೆಯರು ಮಗುವಿಗೆ ಬೇಕು. ನಮ್ಮ ತರಗತಿಯ ಬೆಂಚು ಹೇಳಿಕೊಡದೆ ಕಲಿಸುವ ಪಾಠ ಅದು. ಮನೆಯವರು ಹುಡುಕಿಕೊಂಡು ಹೋಗಿ ಕಲಿಸಬೇಕು. ಸಂಜೆಯ ಮೈದಾನ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಮಕ್ಕಳ ಗ್ರಾಮಸಭೆ, ಬೇಸಿಗೆಯಲ್ಲಿ ಮೈಸೂರು ರಂಗಾಯಣದ ಚಿಣ್ಣರ ಮೇಳದಂಥ ಶಿಬಿರಗಳು, ಇವೆಲ್ಲದರ ಪಟ್ಟಿ ತಾಲ್ಲೂಕುವಾರು ಕೈಪಿಡಿಯ ಹಿಂಬದಿಯಲ್ಲಿರಲಿ.

ಐದನೆಯದು ಪರೀಕ್ಷೆ. ಹೆಚ್ಚಿನ ಗೊಂದಲ ಇಲ್ಲೇ. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಇಂದಿನ ಎನ್‌ಐಒಎಸ್, ಎ, ಬಿ, ಸಿ ಎಂಬ ಮೂರು ಹಂತಗಳನ್ನು ನಡೆಸುತ್ತದೆ; ಅವು ಕ್ರಮವಾಗಿ 3, 5, 8ನೇ ತರಗತಿಗೆ ಸಮ. 14 ತುಂಬಿದವರು ಅಲ್ಲಿ ಹತ್ತನೆಯ ತರಗತಿಗೆ ಸಮನಾದ ಸೆಕೆಂಡರಿಗೆ ಹೆಸರು ನೋಂದಾಯಿಸಬಹುದು. ಒಂದು ಭಾಷೆ ಸೇರಿ ಐದು ವಿಷಯ. ವರ್ಷಕ್ಕೆ ಎರಡು ಸಲ ಪರೀಕ್ಷೆ. ನೋಂದಣಿಗೆ ಐದು ವರ್ಷದ ಅವಧಿ, ಒಂದೊಂದೇ ವಿಷಯ ಬರೆದು ಮುಗಿಸಲು ಅವಕಾಶ. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನೂ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ಯಾವ ದಾರಿ ಎಂಬುದು ಮಗುವಿಗೆ ಹನ್ನೆರಡು ತುಂಬುವ ಹೊತ್ತಿಗೆ ನಿಶ್ಚಯವಾಗಬೇಕು.

ಇದರ ಜೊತೆಗೆ ಹೇಳಲೇಬೇಕಾದ ಕಹಿ ಸಂಗತಿಯೊಂದಿದೆ, ಅದು ಯಾರ ಕಿವಿಗೂ ಬಿದ್ದಿರುವುದಿಲ್ಲ. ವೃತ್ತಿಶಿಕ್ಷಣದ ಸಿಇಟಿಯಲ್ಲಿ ಕರ್ನಾಟಕದವರೆನ್ನಿಸಿಕೊಳ್ಳಲು ಸಾಮಾನ್ಯ ನಿಯಮ ಇಲ್ಲಿನ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕೆನ್ನುತ್ತದೆ. ಶೇ 15ರ ಗ್ರಾಮೀಣ ಮೀಸಲಾತಿಗೂ ಶೇ 5ರ ಕನ್ನಡ ಮಾಧ್ಯಮ ಮೀಸಲಾತಿಗೂ 1ರಿಂದ 10ನೇ ತರಗತಿಯ ವ್ಯಾಸಂಗ ಪ್ರಮಾಣಪತ್ರ ಬೇಕು. ಹಳ್ಳಿಯಲ್ಲೇ ಹುಟ್ಟಿ, ಹಳ್ಳಿಯಲ್ಲೇ ಬೆಳೆದು, ಕನ್ನಡದಲ್ಲೇ ಕಲಿತ ಮಗುವಿಗೆ ಆ ಪತ್ರ ಬರೆದುಕೊಡಲು ಮುಖ್ಯೋಪಾಧ್ಯಾಯರೇ ಇರುವುದಿಲ್ಲ. ಆರು ವರ್ಷದ ಮಗುವಿನ ಪೋಷಕರಿಗೆ ಇದನ್ನು ಇಂದೇ ಹೇಳಬೇಕು. ಹದಿನೆಂಟಕ್ಕೆ ಹೇಳಿದರೆ ಏನು ಫಲ?

ಕೊನೆಯ ಪುಟದಲ್ಲಿ ಹಿಂದಿರುಗುವ ದಾರಿ ಇರಲಿ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಅಗತ್ಯವಿದ್ದರೆ ವಿಶೇಷ ತರಬೇತಿ ಕೊಡಬೇಕು ಎಂದು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಆರು ತಿಂಗಳಾದರೂ ಓದು ಮುಂದೆ ಹೋಗುತ್ತಿಲ್ಲ, ಮಗು ಒಂಟಿಯಾಗಿದೆ, ಅಮ್ಮ ಬಳಲಿದ್ದಾಳೆ ಎಂದರೆ ಹಟ ಬಿಡಲಿ. ಶಾಲೆಗೆ ಮರಳುವುದನ್ನು ಸೋಲೆಂದು ನೆಂಟರು ಆಡಿಕೊಳ್ಳಬಹುದು. ಸೇರಿಸಿಕೊಳ್ಳುವ ನಮ್ಮ ಶಿಕ್ಷಕರ ಬಾಯಲ್ಲಿ ಮಾತ್ರ ಆ ಮಾತು ಬರಬಾರದು.

ಕೈಪಿಡಿಯೊಂದಿಗೆ ಇಲಾಖೆಯೂ ಕೆಲವು ಹೆಜ್ಜೆ ಇಡಬೇಕು. ಮನೆಯಲ್ಲಿ ಕಲಿಯುವ ಮಕ್ಕಳಿಗೆ ಎಸ್‌ಎಟಿಎಸ್‌ನಲ್ಲಿ ಪ್ರತ್ಯೇಕ ಕಾಲಂ ಕೊಟ್ಟು ‘ಶಾಲೆ ಬಿಟ್ಟವರು’ ಎಂಬ ಪಟ್ಟಿಯಿಂದ ಬೇರೆ ಮಾಡಿ. ವರ್ಷಕ್ಕೆ ಎರಡು ಸಲ ಸಿಆರ್‌ಪಿ ಮನೆಗೆ ಹೋಗಿ ಮಗುವಿನೊಂದಿಗೆ ಮಾತಾಡಲಿ, ನೋಟ್‌ಬುಕ್ ನೋಡಲಿ. ಮಗುವನ್ನು ಕಣ್ಣಾರೆ ಕಾಣುವುದು ಕಡ್ಡಾಯವಾಗಿರಲಿ. ಪ್ರಾಮಾಣಿಕ ಪೋಷಕರು ಅದಕ್ಕೆ ಬೇಸರಿಸಲಾರರು, ಬೇಸರಿಸಿದರೂ ತಾವು ಬಗ್ಗಬೇಡಿ. ತೀವ್ರ ಅಂಗವೈಕಲ್ಯವಿರುವ ಮಕ್ಕಳ ಮನೆಗಳಿಗೆ ನಮ್ಮ ಬಿಐಇಆರ್‌ಟಿಗಳು, ಅಂದರೆ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಈಗಾಗಲೇ ಹೋಗಿ ಕಲಿಸುತ್ತಿದ್ದಾರೆ. ಮನೆಯ ಹೊಸ್ತಿಲು ದಾಟಿ ಒಳಹೋಗುವ ಕೆಲಸ ಇಲಾಖೆಗೆ ಹೊಸದೇನಲ್ಲ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಈ ಮಕ್ಕಳಿಗೆ ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಪ್ರಯೋಗಾಲಯದ ಬಾಗಿಲು ತೆರೆಯಿರಿ. ಕ್ಲಸ್ಟರ್ ಮಟ್ಟದಲ್ಲಿ ನೋಂದಾಯಿಸಿ, ಪ್ರತಿ ವರ್ಷ ಮಗುವನ್ನು ಕಂಡು ಬಂದ ದಾಖಲೆ ಇದ್ದರೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಕ್ಕೆ ಅದನ್ನೇ ಆಧಾರವಾಗಿ ಪರಿಗಣಿಸಲು ಸಾಧ್ಯವೇ ಎಂದು ಪರಿಶೀಲಿಸಿ.

ಇದರಿಂದ ಸರ್ಕಾರಿ ಶಾಲೆಗಳು ಖಾಲಿಯಾಗುತ್ತವೆಂಬ ಭಯ ಬೇಡ. ಮನೆಯಲ್ಲಿ ಕಲಿಸಲು ಬಿಡುವು, ಓದು, ಹಣ ಮೂರೂ ಇರುವವರು ಎಂದೂ ಕೆಲವರೇ. ಉಳಿದವರ ಮಕ್ಕಳಿಗೆ ಶಾಲೆಯೇ ಗತಿ, ಶಾಲೆಯೇ ಹಕ್ಕು. ತಮ್ಮ ಹಣ, ಗಮನ ಮೊದಲು ಅಲ್ಲಿಗೇ ಸಲ್ಲಬೇಕು. ಕೈಪಿಡಿಗೆ ತಗಲುವುದು ಅಚ್ಚಿನ ಖರ್ಚು, ಒಂದು ಸುತ್ತೋಲೆ.

ಶಾಲೆ ಬದಲಿಸುವ, ಬಿಡಿಸುವ ಮಾತುಗಳು ಮನೆಗಳಲ್ಲಿ ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಅಷ್ಟರೊಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಳಲ್ಲಿ, ಅರಿವು ಕೇಂದ್ರಗಳಲ್ಲಿ ಕೈಪಿಡಿ ಸಿಗುವಂತೆ ಆದೇಶಿಸಬೇಕೆಂದು ಕೋರುತ್ತೇನೆ. ಕರಡು ಸಿದ್ಧಪಡಿಸುವಾಗ ಮನೆಯಲ್ಲಿ ಕಲಿಸುತ್ತಿರುವ ಪೋಷಕರನ್ನೂ ಅಲ್ಲಿ ಕಲಿತು ಬೆಳೆದ ಯುವಕರನ್ನೂ ಕೂರಿಸಿಕೊಳ್ಳಿ. ನನ್ನಂಥ ನಿವೃತ್ತರನ್ನು ಕರೆದರೆ ಸಂಭಾವನೆ ಕೇಳದೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮುಖ್ಯಶಿಕ್ಷಕಿ