ಅಗ್ಗದ ಸಲಕರಣೆಯೂ ದುಬಾರಿ ಸಲಕರಣೆಯೂ

ವ್ಯಾಕರಣಶಾಸ್ತ್ರದಲ್ಲಿ, ಕ್ರಿಯೆಯ ಸಿದ್ಧಿಗೆ ಎಲ್ಲಕ್ಕಿಂತ ಹೆಚ್ಚಾಗಿ ನೆರವಾಗುವ ಸಾಧನಕ್ಕೆ ಕರಣವೆಂದು ಹೆಸರು. ಕಾರ್ಯವನ್ನು ಸಾಧಿಸದೆ ಕೆಡಿಸುವ ವಸ್ತುವು ಎಷ್ಟು ಅಗ್ಗವಾಗಿ ದೊರೆತರೂ ಆ ಹೆಸರಿಗೆ ತಕ್ಕುದಲ್ಲ. ಮೋಟಾರ್ ಸೈಕಲ್ಲನ್ನೋ ಕಾರನ್ನೋ ಇಟ್ಟುಕೊಂಡು ಸಣ್ಣಪುಟ್ಟ ದುರಸ್ತಿಯನ್ನು ತಾವೇ ಮಾಡಿಕೊಳ್ಳಬೇಕೆಂದಿರುವ ಗೃಹಸ್ಥರು ಅಂಗಡಿಗೆ ಹೋಗುವ ಮುನ್ನ ಈ ಮಾತನ್ನು ಆಲೋಚಿಸುವುದು ಲೇಸು.

ಸ್ಪ್ಯಾನರನ್ನೇ ನೋಡೋಣ. ನಟ್ಟಿಗೆ ಆರು ಮೂಲೆಗಳುಂಟಷ್ಟೆ. ಸ್ಪ್ಯಾನರಿನ ಬಾಯಿ ಅಳತೆಗೆ ಸರಿಯಾಗಿದ್ದರೆ ಅದು ನಟ್ಟಿನ ಮೈಯನ್ನು ಬಿಗಿಯಾಗಿ ಹಿಡಿಯುತ್ತದೆ. ಬಾಯಿ ಸಡಿಲವಾಗಿದ್ದರೆ, ಅಥವಾ ಮೆತ್ತನೆಯ ಲೋಹದ್ದಾಗಿ ಬಲ ಹಾಕಿದೊಡನೆ ಅಗಲವಾದರೆ, ಭಾರವೆಲ್ಲ ಮೂಲೆಗಳ ಮೇಲೆ ಬಿದ್ದು, ಅವು ಸವೆದು, ನಟ್ಟು ದುಂಡಗಾಗುತ್ತದೆ. ಕೈ ಜಾರಿ ಬೆರಳ ಗೆಣ್ಣುಗಳು ಸುಲಿಯುವುದು ಒಂದು ನಷ್ಟ. ದುಂಡಾದ ನಟ್ಟನ್ನು ಉಳಿಯಿಂದ ಒಡೆಸಲು ಗ್ಯಾರೇಜಿಗೆ ಹೋಗಬೇಕಾಗುವುದು ಇನ್ನೊಂದು. ಉಳಿಸಿದ ಹಣವು ಅಲ್ಲಿಯೇ ಕರಗಿಹೋಗುವುದು.

ಹಾಗೆಂದು ಅತ್ಯಂತ ದುಬಾರಿಯಾದುದನ್ನೇ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ದಿನವಿಡೀ ಅದನ್ನೇ ಹಿಡಿದಿರುವ ಮೆಕ್ಯಾನಿಕ್ಕನಿಗೆ ಅಂಥದು ಜೀವನೋಪಾಯ. ವರ್ಷಕ್ಕೆ ನಾಲ್ಕು ಬಾರಿ ಹಿಡಿಯುವ ಗೃಹಸ್ಥನಿಗೆ ಮಧ್ಯಮ ಬೆಲೆಯದು ಸಾಕು. ನೂರಾರು ತುಂಡುಗಳು ಹೊಳೆಯುವ ಪೆಟ್ಟಿಗೆಗೆ ಮರುಳಾಗಬಾರದು. ನಮ್ಮಲ್ಲಿಯ ಮೋಟಾರ್ ಸೈಕಲ್ಲುಗಳ ನಿತ್ಯದ ಕೆಲಸವು ಹೆಚ್ಚಾಗಿ 8, 10, 12, 14, 17 ಮಿಲಿಮೀಟರಿನಂಥ ಕೆಲವೇ ಅಳತೆಗಳಿಂದ ಸಾಗುತ್ತದೆ. ಅವನ್ನು ಒಳ್ಳೆಯವನ್ನಾಗಿ ಆರಿಸಿಕೊಂಡರೆ ಉಳಿದವುಗಳ ಹಂಬಲ ಬೇಡ. ಕ್ರೋಮಿಯಂ ಲೇಪದ ಹೊಳಪು ತುಕ್ಕನ್ನು ತಡೆಯುವುದಲ್ಲದೆ ಬಲವನ್ನು ಕೊಡಲಾರದು. ಬಲವು ಒಳಗಿನ ಉಕ್ಕಿನಿಂದಲೂ ಅದಕ್ಕೆ ಕೊಟ್ಟ ಹದದಿಂದಲೂ ಬರತಕ್ಕುದು. ಅಳತೆಯ ಹೊಸ ಬೋಲ್ಟೊಂದನ್ನು ಅಂಗಡಿಗೆ ಒಯ್ದು, ಸ್ಪ್ಯಾನರನ್ನು ಅದಕ್ಕೆ ತೊಡಿಸಿ ನೋಡಿರಿ. ಬಹಳ ಅಲ್ಲಾಡಿದರೆ ಬಿಟ್ಟುಬಿಡಿರಿ.

ಅಗ್ಗವಾದುದಕ್ಕೂ ಅದರ ಸ್ಥಾನವುಂಟು. ಎಣ್ಣೆ ಹಿಡಿಯುವ ತಟ್ಟೆ, ಆಲಿಕೆ, ತಂತಿಯ ಬ್ರಷ್ಷು ಮೊದಲಾದವು ಕೆಟ್ಟರೂ ಯಾರಿಗೂ ಕೇಡಿಲ್ಲ. ಎಂದೋ ಒಮ್ಮೆ ಬೇಕಾಗುವ ವಿಶೇಷ ಸಲಕರಣೆಯನ್ನು ಎರವಲು ತರಬಹುದು. ಇಲ್ಲವೆ ಆ ಕೆಲಸವನ್ನು ಬಲ್ಲವನಿಗೆ ಒಪ್ಪಿಸಬಹುದು. ಎಷ್ಟು ಬಾರಿ ಬೇಕು, ಕೈಕೊಟ್ಟರೆ ಏನು ಗತಿ ಎಂಬ ಎರಡು ಪ್ರಶ್ನೆಗಳೇ ಇಲ್ಲಿ ತಕ್ಕಡಿ.

ಈ ಎರಡನೆಯ ಪ್ರಶ್ನೆಯು ಜಾಕಿನ ವಿಷಯದಲ್ಲಿ ಪ್ರಾಣದ ಪ್ರಶ್ನೆಯೇ ಆಗುತ್ತದೆ. ಜಾಕು ಎಷ್ಟೇ ಬೆಲೆಯದಾದರೂ ಕಾರನ್ನು ಎತ್ತುವುದಕ್ಕಾಗಿ ಇರುವುದು, ಎತ್ತಿದ ಕಾರನ್ನು ಹೊತ್ತು ನಿಲ್ಲುವುದಕ್ಕಾಗಿ ಅಲ್ಲ. ಎಣ್ಣೆ ಸೋರಿದರೆ ಅದು ಕುಸಿಯುವುದು, ನೆಲ ಮೆದುವಾದರೆ ವಾಲುವುದು. ಆದಕಾರಣ ಚಕ್ರಗಳಿಗೆ ಅಡೆ ಕೊಟ್ಟು, ತೂಕವನ್ನು ತಾಳಬಲ್ಲ ಕಬ್ಬಿಣದ ಸ್ಟ್ಯಾಂಡುಗಳನ್ನು ಗಟ್ಟಿಯಾದ ಸಮನೆಲದ ಮೇಲೆ ನಿಲ್ಲಿಸಿದ ಹೊರತು ಕಾರಿನ ಕೆಳಗೆ ಹೋಗಲೇ ಕೂಡದು. ಇಟ್ಟಿಗೆಗಳನ್ನು ಪೇರಿಸಿ ಸುಧಾರಿಸಿಕೊಳ್ಳುವುದು ಸಲ್ಲದು. ಅವು ಭಾರಕ್ಕೆ ಥಟ್ಟನೆ ಒಡೆಯಬಹುದು. ಸ್ಟ್ಯಾಂಡುಗಳಿಗೆ ಹಣ ಸಾಲದಿದ್ದರೆ ಆ ಕೆಲಸವನ್ನು ಗ್ಯಾರೇಜಿಗೆ ಬಿಡಿರಿ. ಮನೆಯವರು ನಿಮ್ಮ ದಾರಿ ನೋಡುತ್ತಿರುವಾಗ ಇಂಥಲ್ಲಿ ಮಾಡುವ ಉಳಿತಾಯವು ಉಳಿತಾಯವಲ್ಲ.