ಚಿಗರಿಗಿ ಯಾವ ಗುಂಡು ಛಲೋ?

ಮಾದನಹಿಪ್ಪರಗಾದಿಂದ ಕಾಕಾನ ಮಗನ ಫೋನು. "ಅಣ್ಣಾ, ಚಿಗರಿಗಿ ಯಾವ ಗುಂಡು ಛಲೋ? .308 ಏನು .30-06?" ಅಮೆರಿಕದವರು ಎಲ್ಕ್ ಎಂಬ ಭಾರಿ ಜಿಂಕೆ ಹೊಡೆಯೋ ವಿಡಿಯೋ ನೋಡಿದ್ದಾನೆ, ಪುಣ್ಯಾತ್ಮ!

ಅಲ್ಲಿ ಆ ಪ್ರಶ್ನೆಗೆ ಅರ್ಥ ಇದೆ ಸ್ವಾಮಿ. ಲೈಸೆನ್ಸು, ಸೀಸನ್ನು ಎಲ್ಲ ಇದೆ. ತಿಳಿದವರು ಗುಂಡಿನ ಜೋರಷ್ಟೇ ನೋಡಲ್ಲ, ಒಳಹೊಕ್ಕು ಹೇಗೆ ಅರಳುತ್ತೆ ಅಂತಲೂ ನೋಡ್ತಾರೆ. ಪೂರ್ತಿ ಲೋಹದ ಹೊದಿಕೆಯ ಗುಂಡು ಅರಳದೆ ಆರಪಾರು ಹೋದರೆ, ಪ್ರಾಣಿ ಎಲ್ಲೋ ಓಡಿ ನರಳಿ ಸಾಯಬಹುದು.

ನಮ್ಮಲ್ಲಿ? ಚಿಗರಿ ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿನ ಪ್ರಾಣಿ. ಹೊಡೆದು ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ ಜೈಲು. ಇಶಾಪುರದ .315 ರೈಫಲ್ಲಿನದೇ ಇರಲಿ, ವಿಲಾಯತಿಯದೇ ಇರಲಿ, ಛಲೋ ಗುಂಡು ಅನ್ನೋದೇ ಇಲ್ಲ.

"ತೊಗರಿ ಮೇದು ಹೋದ್ರ ನಿನ್ನ ಕಾಯ್ದೆ ಬಂದು ಬಿತ್ತತದೇನು?" ಅಂದ. ಅವನ ಸಿಟ್ಟು ಸುಳ್ಳಲ್ಲ. ಕಾಕಾ ಒಂದೇ ಮುಂಗಾರಿಗೆ ಎರಡು ಸಲ ಬಿತ್ತಿದ್ದಾರೆ. ಬೆಂಗಳೂರಲ್ಲಿ ಕೂತು ಉಪದೇಶ ಮಾಡೋದು ಸುಲಭ, ಗೊತ್ತು. ಆದರೆ ಒಂದನ್ನು ಕೊಂದರೆ ಉಳಿದ ಹಿಂಡು ಮೇಯೋದು ಬಿಡುತ್ತಾ?

"ಪಹಣಿ, ಫೋಟೋ ತೆಗೆದಿಡು. ಈ ಶನಿವಾರ ಬರ್ತೀನಿ, ಬೆಳೆ ಪರಿಹಾರಕ್ಕ ಅರ್ಜಿ ಇಬ್ಬರೂ ಕೂಡಿ ಬರೆಯೋಣ" ಅಂದೆ.

ಮಾತಾಡದೆ ಫೋನಿಟ್ಟ.